ಐಪಿ ವಿಳಾಸಗಳನ್ನು ಹಂಚುವವರು ಯಾರು, ಯಾವ ಲೆಕ್ಕದಲ್ಲಿ?

ಪ್ರಶ್ನೆ: ಸಣ್ಣ ಮಟ್ಟದಲ್ಲಿ ಹೋಸ್ಟಿಂಗ್ ಸೇವೆ ಶುರು ಮಾಡುವ ಯೋಚನೆಯಲ್ಲಿದ್ದೇವೆ. ಐಪಿವಿ4 ವಿಳಾಸಗಳು ಮುಗಿದುಹೋಗಿವೆ ಎನ್ನುತ್ತಾರೆ. ದುಡ್ಡಿದ್ದರೆ ಎಷ್ಟು ಬೇಕಾದರೂ ಸಿಗುತ್ತವೆ ಎಂದೂ ಹೇಳುತ್ತಾರೆ. ಇವನ್ನು ಜನಸಂಖ್ಯೆ ನೋಡಿ ದೇಶಗಳಿಗೆ ಹಂಚಲಾಗಿದೆಯೇ? ಹಾಗಿದ್ದರೆ ಅಮೆರಿಕದ ಒಂದೇ ವಿಶ್ವವಿದ್ಯಾಲಯದ ಹತ್ತಿರ ಕೋಟಿಗೂ ಹೆಚ್ಚು ವಿಳಾಸ ಇದ್ದದ್ದು ಹೇಗೆ? ಹಂಚುವ ಸಂಸ್ಥೆಗಳಿಗೆ ಆ ಅಧಿಕಾರ ಕೊಟ್ಟವರು ಯಾರು? ಕೊನೆಗೆ, ನಮ್ಮಂಥವರು ಯಾರನ್ನು ಕೇಳಬೇಕು?

ಉತ್ತರ: ದೇಶಕ್ಕಿಷ್ಟು ಎಂಬ ಪಾಲು ಯಾವತ್ತೂ ಇರಲಿಲ್ಲ, ಈಗಲೂ ಇಲ್ಲ. ಜನಸಂಖ್ಯೆಯ ಲೆಕ್ಕವೂ ಇಲ್ಲ. ವಿಳಾಸ ಸಿಕ್ಕಿದ್ದು ಕೇಳಿದವರಿಗೆ. ಆರಂಭದಲ್ಲಿ ಕೇಳಿದರೆ ಸಾಕಿತ್ತು. ಆಮೇಲೆ ಕೇಳುವುದರ ಜೊತೆಗೆ ‘ನಮ್ಮ ಜಾಲಕ್ಕೆ ಇಷ್ಟು ಬೇಕು’ ಎಂದು ಕಾಗದಪತ್ರ ಸಮೇತ ತೋರಿಸಬೇಕಾಯಿತು. ಇನ್ನು ‘ಹಂಚುವ ಸಂಸ್ಥೆ’ ಎಂದು ನೀವು ಕರೆದ ರಿಜಿಸ್ಟ್ರಿಗಳ ಅಸಲು ಕೆಲಸ ದಾಖಲೆ ಇಡುವುದು. ಯಾವ ವಿಳಾಸ ಯಾರ ಹೆಸರಿನಲ್ಲಿದೆ ಎಂಬುದನ್ನು, ಒಂದೇ ವಿಳಾಸ ಇಬ್ಬರ ಹೆಸರಿಗೆ ಬೀಳದ ಹಾಗೆ ಬರೆದಿಡುವ ಕಚೇರಿಗಳು ಅವು. ಇದೊಂದು ಮನಸ್ಸಿನಲ್ಲಿದ್ದರೆ ‘ಮುಗಿದಿದೆ, ಆದರೆ ಸಿಗುತ್ತದೆ’ ಎಂಬ ಗೊಂದಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮೊದಲು ಲೆಕ್ಕ ನೋಡೋಣ. ಐಪಿವಿ4 ವಿಳಾಸ ಎಂದರೆ ಅಂತರ್ಜಾಲದಲ್ಲಿ ಯಂತ್ರವೊಂದನ್ನು ಗುರುತಿಸುವ, 32 ಬಿಟ್‌ಗಳ ಒಂದು ಸಂಖ್ಯೆ. ಹಾಗಾಗಿ ಒಟ್ಟು ವಿಳಾಸಗಳು 429 ಕೋಟಿ 49 ಲಕ್ಷ 67 ಸಾವಿರದ 296. ಇದನ್ನು 256 ದೊಡ್ಡ ಬ್ಲಾಕ್‌ಗಳಾಗಿ ಒಡೆದರೆ ಒಂದೊಂದರಲ್ಲೂ 1,67,77,216 ವಿಳಾಸ ಬರುತ್ತವೆ. ಜಾಲದ ಕೆಲಸದವರು ಇದನ್ನು ‘ಸ್ಲ್ಯಾಶ್ ಎಂಟು’ ಎನ್ನುತ್ತಾರೆ, ಬರೆಯುವುದು /8 ಎಂದು. ಗೆರೆಯ ಮುಂದಿನ ಅಂಕಿ ಒಂದೊಂದು ಹೆಚ್ಚಿದಂತೆಲ್ಲ ಬ್ಲಾಕ್ ಅರ್ಧರ್ಧ ಆಗುತ್ತಾ ಹೋಗುತ್ತದೆ: /22ರಲ್ಲಿ 1,024 ವಿಳಾಸ, /24ರಲ್ಲಿ 256. ಈ 256 ದೊಡ್ಡ ಬ್ಲಾಕ್‌ಗಳಲ್ಲಿ 35 ಸಾಮಾನ್ಯ ಬಳಕೆಗೆ ಇಲ್ಲ. ಹದಿನಾರು ಮಲ್ಟಿಕಾಸ್ಟ್‌ಗೆ (ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸಲು), ಹದಿನಾರು ‘ಮುಂದಿನ ಬಳಕೆಗೆ’ ಎಂದು ಎತ್ತಿಟ್ಟು ಹಾಗೆಯೇ ಉಳಿದವು, ಜೊತೆಗೆ 0, 10 ಮತ್ತು 127ರಿಂದ ಶುರುವಾಗುವ ಮೂರು. ಉಳಿದ 221 ಬ್ಲಾಕ್‌ಗಳೇ ಜಗತ್ತಿನ ಸಾರ್ವಜನಿಕ ಆಸ್ತಿ. ಇಷ್ಟೂ ರಗಳೆ ನಡೆದಿರುವುದು ಇದರ ಸುತ್ತಲೇ.

ಆರಂಭದ ವರ್ಷಗಳಲ್ಲಿ ಈ ದಾಖಲೆ ನೋಡಿಕೊಳ್ಳುತ್ತಿದ್ದವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇನ್ಫರ್ಮೇಷನ್ ಸೈನ್ಸಸ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ಜಾನ್ ಪೋಸ್ಟೆಲ್. ಮುಂದೆ ‘ಐಯಾನಾ’ ಎಂದು ಹೆಸರಾದ ಕೆಲಸ ಬಹುಕಾಲ ಬಹುಮಟ್ಟಿಗೆ ಅವರೊಬ್ಬರ ಮೇಜಿನ ಮೇಲೆಯೇ ನಡೆಯಿತು. ಆಗ ವಿಳಾಸಗಳನ್ನು ಮೂರೇ ಅಳತೆಯಲ್ಲಿ ಕೊಡಬಹುದಿತ್ತು: ಎ ವರ್ಗಕ್ಕೆ 1.67 ಕೋಟಿ, ಬಿ ವರ್ಗಕ್ಕೆ 65,536, ಸಿ ವರ್ಗಕ್ಕೆ 256. ನಡುವೆ ಏನೂ ಇಲ್ಲ. ಸಾವಿರ ಕಂಪ್ಯೂಟರ್ ಇರುವ ಸಂಸ್ಥೆಗೆ ಸಿ ಸಾಲದು; ಬಿ ಕೊಟ್ಟರೆ ಅರವತ್ತನಾಲ್ಕು ಸಾವಿರಕ್ಕೂ ಹೆಚ್ಚು ವಿಳಾಸ ಸುಮ್ಮನೆ ಬಿದ್ದಿರುತ್ತವೆ. ಎಂಐಟಿಗೆ 18ರಿಂದ ಶುರುವಾಗುವ ಇಡೀ ಬ್ಲಾಕ್, ಆಪಲ್‌ಗೆ 17, ಫೋರ್ಡ್‌ಗೆ 19 ಸಿಕ್ಕಿದ್ದು ಈ ಪದ್ಧತಿಯಲ್ಲೇ. ನೀವು ಕೇಳಿದ ವಿಶ್ವವಿದ್ಯಾಲಯ ಎಂಐಟಿಯೇ ಇರಬೇಕು. ಇದರಲ್ಲಿ ಕುತಂತ್ರವೇನೂ ಇರಲಿಲ್ಲ. ಸಂಶೋಧನೆಗೆಂದು ಕಟ್ಟಿದ ಜಾಲ ಕೋಟ್ಯಂತರ ಮನೆಗಳನ್ನು ತಲುಪುತ್ತದೆ ಎಂಬ ಊಹೆ ಅಂದು ಯಾರಿಗೂ ಇರಲಿಲ್ಲ. ಹಾಗೆ ನೋಡಿದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತನ್ನ 36ರ ಬ್ಲಾಕನ್ನು 2000ದಲ್ಲಿ ತಾನಾಗಿಯೇ ಹಿಂದಿರುಗಿಸಿತು. ಈ ಉದಾಹರಣೆಯನ್ನು ಅನುಸರಿಸಿದವರು ಕಡಿಮೆ.

ತೊಂಬತ್ತರ ದಶಕದ ಆರಂಭಕ್ಕೆ ಎರಡು ತಲೆನೋವು ಒಟ್ಟಿಗೇ ಬಂದವು. ಬಿ ವರ್ಗದ ಬ್ಲಾಕ್‌ಗಳು ಖಾಲಿಯಾಗುತ್ತಿದ್ದವು. ಎಲ್ಲ ಅರ್ಜಿಗಳೂ ಅಮೆರಿಕದ ಒಂದೇ ಕಚೇರಿಗೆ ಹೋಗುವುದು ಅಸಾಧ್ಯವಾಗಿತ್ತು. ಮೊದಲನೆಯದಕ್ಕೆ 1993ರಲ್ಲಿ ವರ್ಗಗಳನ್ನೇ ಕೈಬಿಟ್ಟು, ಬ್ಲಾಕನ್ನು ಬೇಕಾದ ಅಳತೆಗೆ ಕತ್ತರಿಸುವ ‘ಸೈಡರ್’ ಪದ್ಧತಿ ತಂದರು. ಮೇಲೆ ಹೇಳಿದ ಸ್ಲ್ಯಾಶ್ ಲೆಕ್ಕ ಅಲ್ಲಿಂದ ಬಂದದ್ದು. ಎರಡನೆಯದಕ್ಕೆ ಉತ್ತರ 1992ರ ಆರ್‌ಎಫ್‌ಸಿ 1366 ಎಂಬ ದಾಖಲೆಯಲ್ಲಿದೆ: ಭೂಭಾಗಕ್ಕೊಂದು ರಿಜಿಸ್ಟ್ರಿ ಇರಲಿ, ಅವರವರ ಪ್ರದೇಶದ ಅರ್ಜಿಗಳನ್ನು ಅವರವರೇ ನೋಡಿಕೊಳ್ಳಲಿ.

ಮೊದಲು ಹುಟ್ಟಿದ್ದು ಯುರೋಪ್ ಮತ್ತು ಮಧ್ಯಪ್ರಾಚ್ಯದ ಕಡೆಗೆ ಆಮ್‌ಸ್ಟರ್‌ಡಾಮ್‌ನ ರೈಪ್ ಎನ್‌ಸಿಸಿ, 1992ರಲ್ಲಿ. ಮರುವರ್ಷ ಏಷ್ಯಾ ಪೆಸಿಫಿಕ್‌ಗೆ ಏಪ್ನಿಕ್. ಟೋಕಿಯೋದಲ್ಲಿ ಪ್ರಾಯೋಗಿಕವಾಗಿ ಶುರುವಾಗಿ ಆಮೇಲೆ ಬ್ರಿಸ್ಬೇನ್‌ಗೆ ಹೋಯಿತು. 1997ರಲ್ಲಿ ಉತ್ತರ ಅಮೆರಿಕಕ್ಕೆ ಏರಿನ್, 2002ರಲ್ಲಿ ಲ್ಯಾಟಿನ್ ಅಮೆರಿಕಕ್ಕೆ ಮಾಂಟೆವಿಡಿಯೋದ ಲ್ಯಾಕ್ನಿಕ್, 2005ರಲ್ಲಿ ಆಫ್ರಿಕಾಕ್ಕೆ ಮಾರಿಷಸ್‌ನ ಆಫ್ರಿನಿಕ್. ಈ ಗಡಿಗಳಲ್ಲಿ ಭೂಗೋಳಕ್ಕಿಂತ ಇತಿಹಾಸದ ಪಾಲೇ ಹೆಚ್ಚು. ಅಫ್ಘಾನಿಸ್ತಾನ ಏಪ್ನಿಕ್‌ಗೆ ಸೇರುತ್ತದೆ, ಪಕ್ಕದ ಇರಾನ್ ರೈಪ್‌ಗೆ. ಕೆರಿಬಿಯನ್‌ನಲ್ಲಿ ಜಮೈಕಾ ಏರಿನ್ ಕಡೆ, ಕ್ಯೂಬಾ ಲ್ಯಾಕ್ನಿಕ್ ಕಡೆ. ಅಂಟಾರ್ಕ್ಟಿಕಾಕ್ಕೂ ರಿಜಿಸ್ಟ್ರಿ ಇದೆ ಎಂದರೆ ನಗಬೇಡಿ. ಅದು ಏರಿನ್‌ನ ಪಟ್ಟಿಯಲ್ಲಿದೆ.

ಅಧಿಕಾರ ಕೊಟ್ಟವರು ಯಾರು ಎಂಬ ಪ್ರಶ್ನೆಗೆ ‘ಇಂಥ ಕಾನೂನಿನ ಇಂಥ ಕಲಂ’ ಎಂದು ಬೆರಳಿಟ್ಟು ತೋರಿಸುವಂಥ ಉತ್ತರವಿಲ್ಲ. ಇವು ಸರ್ಕಾರಿ ಇಲಾಖೆಗಳೂ ಅಲ್ಲ, ವಿಶ್ವಸಂಸ್ಥೆಯ ಅಂಗಗಳೂ ಅಲ್ಲ. ಲಾಭದ ಉದ್ದೇಶವಿಲ್ಲದ, ಸದಸ್ಯರ ಶುಲ್ಕದಿಂದ ನಡೆಯುವ ಸಂಸ್ಥೆಗಳು. ಆಯಾ ದೇಶದ ಸಾಮಾನ್ಯ ಕಾನೂನಿನಡಿ ನೋಂದಣಿಯಾದವು. ಹೊಸ ರಿಜಿಸ್ಟ್ರಿಗೆ ಮಾನ್ಯತೆ ಕೊಡುವ ಷರತ್ತುಗಳನ್ನು, ಅಂತರ್ಜಾಲದ ಹೆಸರು ಮತ್ತು ಸಂಖ್ಯೆಗಳ ಹೊಂದಾಣಿಕೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 2001ರಲ್ಲಿ ‘ಐಸಿಪಿ-2’ ಎಂಬ ದಾಖಲೆಯಲ್ಲಿ ಬರೆದಿಟ್ಟಿತು. ಐಯಾನಾ ಕೆಲಸದ ಮೇಲೆ ಅಮೆರಿಕ ಸರ್ಕಾರಕ್ಕಿದ್ದ ಗುತ್ತಿಗೆಯ ಹಿಡಿತ 2016ರ ಅಕ್ಟೋಬರ್ 1ಕ್ಕೆ ಕೊನೆಗೊಂಡಿತು. ಈಗ ಐದೂ ರಿಜಿಸ್ಟ್ರಿಗಳು ಐಕ್ಯಾನ್ ಜೊತೆ ಸೇವಾ ಒಪ್ಪಂದ ಮಾಡಿಕೊಂಡಿವೆ. ನಿಯಮಗಳನ್ನು ರೂಪಿಸುವುದು ಆಯಾ ಪ್ರದೇಶದ ಮುಕ್ತ ಸಭೆಗಳಲ್ಲಿ, ಒಮ್ಮತದಿಂದ. ನೀವು ನಾಳೆಯೇ ಅಲ್ಲಿ ಪ್ರಸ್ತಾವ ಮಂಡಿಸಬಹುದು, ಸದಸ್ಯರಾಗಿರಬೇಕೆಂದೂ ಇಲ್ಲ. ಆದರೆ ಕೊನೆಗೆ ಇದೆಲ್ಲ ನಿಂತಿರುವುದು ಜಗತ್ತಿನ ಜಾಲಗಳು ಈ ದಾಖಲೆಯನ್ನು ನಂಬಿ ನಡೆಯುತ್ತವೆ ಎಂಬ ಒಂದೇ ಕಾರಣಕ್ಕೆ.

ಆ ನಂಬಿಕೆ ಎಷ್ಟರಮಟ್ಟಿನದು ಎಂಬುದಕ್ಕೆ 2008ರ ಫೆಬ್ರವರಿ 24ರ ಘಟನೆ ನೋಡಿ. ಯೂಟ್ಯೂಬ್ ತನ್ನ ಹೆಸರಿನಲ್ಲಿದ್ದ 208.65.152.0/22 ಬ್ಲಾಕನ್ನು ‘ಇದು ನನ್ನ ಬಳಿ ಇದೆ’ ಎಂದು ಜಾಲಕ್ಕೆ ಸಾರುತ್ತಿತ್ತು. ಪಾಕಿಸ್ತಾನದಲ್ಲಿ ಯೂಟ್ಯೂಬ್ ತಡೆಹಿಡಿಯಲು ಹೋದ ಅಲ್ಲಿನ ದೂರಸಂಪರ್ಕ ಸಂಸ್ಥೆ ಅದರೊಳಗಿನ 208.65.153.0/24 ತುಂಡನ್ನು ತನ್ನದೆಂಬಂತೆ ಸಾರಿತು. ಅದು ದೇಶದ ಒಳಗೆ ಉಳಿಯದೆ ಹೊರಗೂ ಹರಡಿತು. ಜಾಲದಲ್ಲಿ ಮಾಹಿತಿಗೆ ದಾರಿ ತೋರುವ ಯಂತ್ರಗಳಾದ ರೂಟರ್‌ಗಳ ನಿಯಮ ಸರಳ: ಒಂದೇ ವಿಳಾಸಕ್ಕೆ ಎರಡು ದಾರಿ ಕಂಡರೆ ಹೆಚ್ಚು ನಿಖರವಾದ, ಅಂದರೆ ಚಿಕ್ಕ ಬ್ಲಾಕ್‌ನ ದಾರಿ ಹಿಡಿ. /22ಕ್ಕಿಂತ /24 ಚಿಕ್ಕದು. ಹಾಗಾಗಿ ಸುಮಾರು ಎರಡು ಗಂಟೆ ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. ಏರಿನ್‌ನ ದಾಖಲೆಯಲ್ಲಿ ಆ ವಿಳಾಸ ಆ ಎರಡು ಗಂಟೆಯೂ ಯೂಟ್ಯೂಬ್ ಹೆಸರಿನಲ್ಲೇ ಇತ್ತು. ಜಮೀನಿನ ಪತ್ರ ನಿಮ್ಮ ಹೆಸರಿನಲ್ಲಿದ್ದೂ ಬೇಲಿ ಬೇರೆಯವರು ಹಾಕಿಕೊಂಡ ಹಾಗೆ. ರಿಜಿಸ್ಟ್ರಿಗೆ ರೂಟರ್‌ಗಳ ಮೇಲೆ ಹಿಡಿತವಿಲ್ಲ.

ಈ ಬಿರುಕು ಮುಚ್ಚಲು ಬಂದದ್ದೇ ಆರ್‌ಪಿಕೆಐ. ವಿಳಾಸದ ನೋಂದಾಯಿತ ಹಿಡುವಳಿದಾರರು ‘ಈ ಬ್ಲಾಕನ್ನು ಇಂಥ ಸಂಖ್ಯೆಯ ಜಾಲ ಮಾತ್ರ ಸಾರಬಹುದು, ಇಷ್ಟಕ್ಕಿಂತ ಸಣ್ಣ ತುಂಡು ಸಾರುವ ಹಾಗಿಲ್ಲ’ ಎಂದು ಡಿಜಿಟಲ್ ಸಹಿ ಹಾಕಿ ಇಡುತ್ತಾರೆ. ಆ ಸಹಿಯ ಬೇರು ರಿಜಿಸ್ಟ್ರಿಯಲ್ಲಿರುತ್ತದೆ. ಈ ಹೇಳಿಕೆಗೆ ‘ರೋಆ’ ಎಂದು ಹೆಸರು. ಹೊಂದದ ಸಾರಿಕೆಯನ್ನು ದೊಡ್ಡ ಜಾಲಗಳು ಈಗ ತಿರಸ್ಕರಿಸುತ್ತವೆ. ಬರೀ ದಾಖಲೆಯಾಗಿದ್ದದ್ದಕ್ಕೆ ಹಲ್ಲು ಬಂದದ್ದು ಹೀಗೆ. ಇದರಿಂದ ರಿಜಿಸ್ಟ್ರಿಗಳ ಕೈಗೆ ಮೊದಲಿಗಿಂತ ಹೆಚ್ಚು ಬಲ ಬಂತು ಎಂದು ಗೊಣಗುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ.

ಇನ್ನು ಮುಗಿದ ಕಥೆ. ಐಯಾನಾದಿಂದ ರಿಜಿಸ್ಟ್ರಿಗೆ /8ರ ಅಳತೆಯಲ್ಲಿ ವಿಳಾಸ ಹೋಗುತ್ತಿತ್ತು. ರಿಜಿಸ್ಟ್ರಿಯ ಬಳಿ ಉಳಿದದ್ದು ಅರ್ಧ /8ಕ್ಕಿಂತ ಕಡಿಮೆಯಾದರೆ, ಇಲ್ಲವೇ ಮುಂದಿನ ಒಂಬತ್ತು ತಿಂಗಳಿಗೆ ಸಾಲದಾದರೆ, ಹದಿನೆಂಟು ತಿಂಗಳಿಗೆ ಆಗುವಷ್ಟು ಕೊಡಬೇಕು ಎಂಬುದು ನಿಯಮ. ಗಮನಿಸಿ, ಇಲ್ಲಿಯೂ ‘ಪ್ರದೇಶಕ್ಕೆ ಇಷ್ಟು’ ಎಂಬ ಮಾತಿಲ್ಲ. ಬೇಗ ಖರ್ಚು ಮಾಡಿದವರಿಗೆ ಬೇಗ ಮರುಪೂರಣ. ಮೊಬೈಲ್ ಮತ್ತು ಬ್ರಾಡ್‌ಬ್ಯಾಂಡ್ ವೇಗವಾಗಿ ಹಬ್ಬುತ್ತಿದ್ದ ಏಷ್ಯಾ ಪೆಸಿಫಿಕ್‌ನ ಹಸಿವು ಎಲ್ಲಕ್ಕಿಂತ ಹೆಚ್ಚಿತ್ತು. 2011ರ ಜನವರಿ 31ರಂದು ಏಪ್ನಿಕ್ 39 ಮತ್ತು 106ರ ಎರಡು ಬ್ಲಾಕ್ ಪಡೆಯಿತು. ಐಯಾನಾದಲ್ಲಿ ಉಳಿದದ್ದು ಐದು. ಐದೇ ಉಳಿದಾಗ ರಿಜಿಸ್ಟ್ರಿಗೆ ಒಂದರಂತೆ ಕೊಟ್ಟು ಕೈತೊಳೆಯಬೇಕೆಂದು ಮೊದಲೇ ಒಪ್ಪಂದವಾಗಿತ್ತು. ಫೆಬ್ರವರಿ 3ರಂದು ಮಯಾಮಿಯಲ್ಲಿ ಸಮಾರಂಭವೇ ನಡೆಯಿತು: ಆಫ್ರಿನಿಕ್‌ಗೆ 102, ಏಪ್ನಿಕ್‌ಗೆ 103, ಏರಿನ್‌ಗೆ 104, ಲ್ಯಾಕ್ನಿಕ್‌ಗೆ 179, ರೈಪ್‌ಗೆ 185. ಐಪಿವಿ4ರ ಇಡೀ ಇತಿಹಾಸದಲ್ಲಿ ಐದೂ ಪ್ರದೇಶಗಳಿಗೆ ಸಮಪಾಲು ಎಂಬಂತೆ ಕೊಟ್ಟ ದೊಡ್ಡ ಸಂದರ್ಭ ಅದೊಂದೇ. ಜನಸಂಖ್ಯೆ ನೋಡಿದರೆ ಸಮ ಎಂಬುದೂ ನ್ಯಾಯವಲ್ಲ, ಬಿಡಿ.

ಆಮೇಲೆ ಒಂದೊಂದು ಪ್ರದೇಶವೂ ಒಂದೊಂದು ದಾರಿ ಹಿಡಿಯಿತು. ಏಪ್ನಿಕ್ ಅದೇ ಏಪ್ರಿಲ್‌ನಲ್ಲಿ ಕೊನೆಯ ಬ್ಲಾಕ್‌ಗೆ ಇಳಿಯಿತು. ಅಲ್ಲಿಂದ ಮುಂದೆ ಆ ಬ್ಲಾಕ್‌ನಿಂದ ಯಾರಿಗೇ ಆಗಲಿ 1,024ಕ್ಕಿಂತ ಹೆಚ್ಚಿಲ್ಲ ಎಂದಿತು. 2019ರಲ್ಲಿ ಅದನ್ನೂ 512ಕ್ಕೆ ಇಳಿಸಿತು. 1,024ರ ಲೆಕ್ಕದಲ್ಲಿ ಕತ್ತರಿಸಿದರೆ ಒಂದು /8ರಲ್ಲಿ 16,384 ತುಂಡು ಆಗುತ್ತವೆ. 103ರಿಂದ ಶುರುವಾಗುವ ವಿಳಾಸಗಳು ಏಷ್ಯಾದ ಸಾವಿರಾರು ಸಣ್ಣಪುಟ್ಟ ಜಾಲಗಳಲ್ಲಿ ಚದುರಿ ಕಾಣುವುದು ಇದೇ ಕಾರಣಕ್ಕೆ. ತಡವಾಗಿ ಬಂದವರಿಗೂ ಒಂದು ಹಿಡಿ ಇರಲಿ ಎಂಬ ಈ ನಿಲುವು ನನಗೆ ಎಲ್ಲಕ್ಕಿಂತ ವಿವೇಕದ್ದೆನಿಸುತ್ತದೆ. ರೈಪ್ 2012ರ ಸೆಪ್ಟೆಂಬರ್‌ನಲ್ಲಿ ಇದೇ ಜಾಡು ಹಿಡಿದು 2019ರ ನವೆಂಬರ್ 25ರವರೆಗೆ ಎಳೆಯಿತು. ಏರಿನ್ ಹೀಗೆ ಬಿಗಿ ಹಿಡಿಯದೆ ಅಗತ್ಯ ತೋರಿಸಿದವರಿಗೆಲ್ಲ ಕೊಡುತ್ತಾ ಹೋಗಿ 2015ರ ಸೆಪ್ಟೆಂಬರ್ 24ಕ್ಕೆ ಸೊನ್ನೆ ಮುಟ್ಟಿತು. ಲ್ಯಾಕ್ನಿಕ್‌ನದು 2020ರ ಆಗಸ್ಟ್‌ನಲ್ಲಿ ಮುಗಿಯಿತು.

ಆಫ್ರಿನಿಕ್‌ನದು ಬೇರೆಯದೇ ಕಥೆ. ಅಲ್ಲಿ ಬೇಡಿಕೆ ನಿಧಾನವಿದ್ದದ್ದರಿಂದ ವಿಳಾಸ ಹೆಚ್ಚು ಕಾಲ ಉಳಿದವು. ಬೇರೆಡೆ ಬೆಲೆ ಏರುತ್ತಿದ್ದಾಗ ಆ ದಾಸ್ತಾನಿನ ಮೇಲೆ ಎಲ್ಲರ ಕಣ್ಣು ಬಿತ್ತು. ಆಫ್ರಿಕಾದಲ್ಲಿ ಪಡೆದ ವಿಳಾಸವನ್ನು ಖಂಡದ ಹೊರಗೆ ಬಳಸಬಹುದೇ ಎಂಬ ತಕರಾರು ಮಾರಿಷಸ್‌ನ ನ್ಯಾಯಾಲಯಗಳನ್ನು ಹತ್ತಿ, 2021ರಲ್ಲಿ ರಿಜಿಸ್ಟ್ರಿಯ ಬ್ಯಾಂಕ್ ಖಾತೆಗಳೇ ಮುಟ್ಟುಗೋಲಾದವು. ಆಡಳಿತ ಮಂಡಳಿಯ ಕೋರಂ ಹೋಯಿತು; 2023ರಲ್ಲಿ ನ್ಯಾಯಾಲಯ ಸಂಸ್ಥೆಯನ್ನು ನೋಡಿಕೊಳ್ಳಲು ರಿಸೀವರ್ ನೇಮಿಸಿತು. ಹೊಸ ಮಂಡಳಿ ಚುನಾಯಿತವಾದದ್ದು 2025ರಲ್ಲಿ, ಅದೂ ಒಂದು ಚುನಾವಣೆ ರದ್ದಾದ ಮೇಲೆ. ರಿಜಿಸ್ಟ್ರಿಯೊಂದು ಕುಸಿದರೆ ಅದರ ದಾಖಲೆ ಕಾಯುವವರು ಯಾರು ಎಂಬುದಕ್ಕೆ ಐಸಿಪಿ-2ರಲ್ಲಿ ಉತ್ತರವಿರಲಿಲ್ಲ. ಆ ದಾಖಲೆಯನ್ನು ಹೊಸದಾಗಿ ಬರೆಯುವ ಕೆಲಸಕ್ಕೆ ಕೈಹಾಕಲು ಈ ಪ್ರಕರಣದ ಪಾಠವೂ ಒಂದು ಕಾರಣ.

ಹಾಗಾದರೆ ದುಡ್ಡಿಗೆ ಸಿಗುವುದು ಎಲ್ಲಿಂದ? ಹಳಬರ ಕೈಯಿಂದ. ಹೊಸ ದಾಸ್ತಾನು ಮುಗಿದಿದೆ, ಹಂಚಿಹೋದದ್ದು ಕೈ ಬದಲಾಯಿಸುತ್ತಿದೆ. 2011ರಲ್ಲಿ ದಿವಾಳಿಯಾದ ನಾರ್ಟೆಲ್ ಕಂಪನಿಯ 6,66,624 ವಿಳಾಸಗಳನ್ನು ಮೈಕ್ರೋಸಾಫ್ಟ್ 75 ಲಕ್ಷ ಡಾಲರ್‌ಗೆ ಕೊಂಡಾಗ ವಿಳಾಸವೊಂದಕ್ಕೆ 11.25 ಡಾಲರ್ ಬಿತ್ತು. ಹತ್ತು ವರ್ಷದಲ್ಲಿ ಬೆಲೆ 50 ಡಾಲರ್ ದಾಟಿ, ಆಮೇಲೆ ಇಳಿಮುಖವಾಯಿತು. ಎಂಐಟಿ ತನ್ನ 1.67 ಕೋಟಿಯಲ್ಲಿ ಸುಮಾರು 1.4 ಕೋಟಿ ಬಳಸಿಯೇ ಇಲ್ಲ ಎಂದು 2017ರಲ್ಲಿ ಹೇಳಿ, ಬ್ಲಾಕ್‌ನ ದೊಡ್ಡ ಪಾಲನ್ನು ಮಾರಿತು, ಕೊಂಡದ್ದು ಅಮೆಜಾನ್. ಪುಕ್ಕಟೆ ಸಿಕ್ಕಿದ್ದನ್ನು ಮಾರಬಹುದೇ ಎಂದು ಮುಖ ಸಿಂಡರಿಸುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ: ಮಾರುಕಟ್ಟೆ ಇಲ್ಲದಿದ್ದರೆ ಅವು ಇಂದಿಗೂ ಸುಮ್ಮನೆ ಬಿದ್ದಿರುತ್ತಿದ್ದವು. ಮಾರಾಟ ಎಷ್ಟೇ ದೊಡ್ಡದಿರಲಿ, ರಿಜಿಸ್ಟ್ರಿ ಹೆಸರು ಬದಲಾಯಿಸಿ ಬರೆಯುವ ತನಕ ಕೊಂಡವರ ಕೈಗೆ ಏನೂ ಬಂದಂತಲ್ಲ. ಆ ಬದಲಾವಣೆಯ ನಿಯಮಗಳೂ ಪ್ರದೇಶಕ್ಕೊಂದು ತರ. ಏರಿನ್‌ನಲ್ಲಿ ಕೊಳ್ಳುವವರು ಮುಂದಿನ ಎರಡು ವರ್ಷದ ಅಗತ್ಯ ತೋರಿಸಬೇಕು. ರೈಪ್ ಒಳಗಿನ ವರ್ಗಾವಣೆಗೆ ಆ ಗೊಡವೆಯಿಲ್ಲ.

ಒಂದು ಅಡ್ಡಮಾತು. ವಿಳಾಸ ನೋಡಿ ದೇಶ ಹೇಳುವ ತಾಣಗಳನ್ನು ಕಣ್ಣುಮುಚ್ಚಿ ನಂಬಬೇಡಿ. ರಿಜಿಸ್ಟ್ರಿಗಳು ತಮ್ಮ ಹಂಚಿಕೆಯ ಪಟ್ಟಿಯನ್ನು ದಿನವೂ ಪ್ರಕಟಿಸುತ್ತವೆ. ಏಪ್ನಿಕ್‌ನ ಪಟ್ಟಿಯ ಒಂದು ಸಾಲನ್ನು ಕನ್ನಡಕ್ಕಿಳಿಸಿದರೆ ಹೀಗಿರುತ್ತದೆ: ಏಪ್ನಿಕ್, ಎಯು, ಐಪಿವಿ4, 1.0.0.0, 256, 20110811, ಅಸೈನ್ಡ್. ಅಂದರೆ 1.0.0.0ದಿಂದ 256 ವಿಳಾಸಗಳು 2011ರ ಆಗಸ್ಟ್ 11ರಂದು ಆಸ್ಟ್ರೇಲಿಯಾದ ಹೆಸರಿಗೆ ದಾಖಲಾಗಿವೆ. ಆದರೆ ಈ ಬ್ಲಾಕ್‌ನ 1.0.0.1 ಎಂಬುದು ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್‌ಎಸ್ ಸೇವೆಯ, ಅಂದರೆ ತಾಣದ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹೇಳುವ ಸೇವೆಯ ವಿಳಾಸ. ನೀವು ಜಗತ್ತಿನ ಯಾವ ಮೂಲೆಯಿಂದ ಕೇಳಿದರೂ ಹತ್ತಿರದ ಕೇಂದ್ರವೊಂದು ಉತ್ತರಿಸುತ್ತದೆ. ಸಾಲಿನಲ್ಲಿರುವ ದೇಶದ ಹೆಸರು ದಾಖಲೆಯದ್ದು, ಯಂತ್ರ ಎಲ್ಲಿದೆ ಎಂಬುದಕ್ಕೆ ಸಾಕ್ಷಿಯಲ್ಲ.

32ರ ಬದಲು 128 ಬಿಟ್‌ಗಳಿರುವ ಹೊಸ ಪೀಳಿಗೆಯ ವಿಳಾಸ, ಅಂದರೆ ಐಪಿವಿ6ರ ಹಂಚಿಕೆಯಲ್ಲಿ ಇಷ್ಟು ನಾಟಕವಿಲ್ಲ. 2006ರ ಅಕ್ಟೋಬರ್‌ನಲ್ಲಿ ಐದೂ ರಿಜಿಸ್ಟ್ರಿಗಳಿಗೆ ಒಂದೊಂದು /12 ಕೊಟ್ಟರು. ಸಾರ್ವಜನಿಕ ಬಳಕೆಗೆ ತೆರೆದಿರುವ ಭಾಗದಲ್ಲೇ ಅಂಥವು 512 ಇವೆ. ರೈಪ್ ಮತ್ತು ಏರಿನ್ ಎರಡನೆಯದನ್ನು ಪಡೆದದ್ದು 2019ರಲ್ಲಿ.

ಈಗ ನಿಮ್ಮ ವಿಷಯ. ಹತ್ತಿಪ್ಪತ್ತು ವಿಳಾಸ ಸಾಕು ಎಂದಾದರೆ ರಿಜಿಸ್ಟ್ರಿಯ ಬಾಗಿಲಿಗೆ ಹೋಗಬೇಡಿ. ಸಂಪರ್ಕ ಕೊಡುವ ಕಂಪನಿಯೇ ತನ್ನ ಬ್ಲಾಕ್‌ನಿಂದ ಕೊಡುತ್ತದೆ. ಕಂಪನಿ ಬದಲಿಸಿದ ದಿನ ಆ ವಿಳಾಸಗಳನ್ನು ಬಿಟ್ಟು ಬರಬೇಕು, ಅಷ್ಟೇ. ಎರಡು ಕಡೆಯಿಂದ ಸಂಪರ್ಕ ಪಡೆದು, ಯಾರ ಹಂಗೂ ಇಲ್ಲದೆ ನಿಮ್ಮದೇ ವಿಳಾಸ ಸಾರಬೇಕು ಎಂದಿದ್ದರೆ ನಿಮ್ಮ ಪ್ರದೇಶದ ರಿಜಿಸ್ಟ್ರಿಯ ಸದಸ್ಯರಾಗಿ. ಏಪ್ನಿಕ್ ಮತ್ತು ಲ್ಯಾಕ್ನಿಕ್‌ನ ಕೆಲವು ದೇಶಗಳಲ್ಲಿ ರಾಷ್ಟ್ರೀಯ ರಿಜಿಸ್ಟ್ರಿ ಎಂಬ ಇನ್ನೊಂದು ಹಂತವಿದೆ: ಜಪಾನ್‌ಗೆ ಜೆಪಿನಿಕ್, ಭಾರತಕ್ಕೆ ಐರಿನ್, ಬ್ರೆಜಿಲ್‌ಗೆ ನಿಕ್ ಡಾಟ್ ಬಿಆರ್. ಸಂಸ್ಥೆಯ ನೋಂದಣಿ ಪತ್ರ, ಜಾಲದ ನಕ್ಷೆ, ಯಾವ ಸೇವೆಗೆ ಎಷ್ಟು ವಿಳಾಸ ಎಂಬ ಲೆಕ್ಕ ಸಿದ್ಧವಿರಲಿ. ಅರ್ಜಿಯಲ್ಲಿ ನಿಮ್ಮ ಜಾಲವನ್ನು ಉಳಿದ ಜಾಲಗಳು ಗುರುತಿಸುವ ಎಎಸ್ ಸಂಖ್ಯೆಯನ್ನೂ ಐಪಿವಿ6 ಬ್ಲಾಕನ್ನೂ ಜೊತೆಗೇ ಕೇಳಿ. ಐಪಿವಿ6 ಸಲೀಸಾಗಿ ಸಿಗುತ್ತದೆ. ಐಪಿವಿ4ರಲ್ಲಿ ಸದ್ಯದ ನಿಯಮದಂತೆ ಏಪ್ನಿಕ್ ಹೊಸ ಸದಸ್ಯರಿಗೆ 512ರವರೆಗೆ ಕೊಡುತ್ತದೆ. ರೈಪ್‌ನಲ್ಲಿ ಸರತಿಯಲ್ಲಿ ನಿಂತು 256, ಏರಿನ್‌ನಲ್ಲಿ ಸರತಿಯಲ್ಲಿ ನಿಂತು ಹೆಚ್ಚೆಂದರೆ 1,024.

256ಕ್ಕಿಂತ ಚಿಕ್ಕ ಬ್ಲಾಕನ್ನು ಯಾರೋ ಅಗ್ಗಕ್ಕೆ ಕೊಡುತ್ತೇನೆಂದರೆ ಕೊಳ್ಳಬೇಡಿ. /24ಕ್ಕಿಂತ ಸಣ್ಣ ಸಾರಿಕೆಯನ್ನು ಬಹುತೇಕ ಜಾಲಗಳು ಸ್ವೀಕರಿಸುವುದೇ ಇಲ್ಲ. ಮಾರುಕಟ್ಟೆಯಲ್ಲಿ ಕೊಳ್ಳುವುದಾದರೆ ಮಾರುವವರ ಹೆಸರೂ ರಿಜಿಸ್ಟ್ರಿಯಲ್ಲಿರುವ ಹೆಸರೂ ಒಂದೇ ಇದೆಯೇ ನೋಡಿ. ಆ ಬ್ಲಾಕನ್ನು ಈಗ ಯಾವ ಜಾಲ ಸಾರುತ್ತಿದೆ, ಸ್ಪ್ಯಾಮ್ ಪಟ್ಟಿಗಳಲ್ಲಿ ಅದರ ಹೆಸರಿದೆಯೇ ಎಂಬುದನ್ನೂ ಪರಿಶೀಲಿಸಿ. ಹಿಂದಿನವರು ಕೆಡಿಸಿಟ್ಟ ಹೆಸರು ತಿಂಗಳುಗಟ್ಟಲೆ ಕಾಡುತ್ತದೆ. ಹಣ ಮೂರನೆಯವರ ಬಳಿ ಎಸ್ಕ್ರೋದಲ್ಲಿರಲಿ, ವರ್ಗಾವಣೆ ದಾಖಲಾದ ಮೇಲೆ ಬಿಡುಗಡೆಯಾಗಲಿ. ದಾಖಲಾದ ದಿನವೇ ಹಳೆಯ ರೋಆ ತೆಗೆಸಿ ನಿಮ್ಮ ಎಎಸ್ ಸಂಖ್ಯೆಗೆ ಹೊಸದು ಮಾಡಿಸಿ. ರಿವರ್ಸ್ ಡಿಎನ್‌ಎಸ್ (ವಿಳಾಸ ಕೊಟ್ಟರೆ ಹೆಸರು ಹೇಳುವ ವ್ಯವಸ್ಥೆ) ಅನ್ನೂ ರಿಜಿಸ್ಟ್ರಿಯ ಪೋರ್ಟಲ್‌ನಲ್ಲೇ ನಿಮ್ಮ ನೇಮ್ ಸರ್ವರ್‌ಗೆ ತಿರುಗಿಸಬೇಕು. ಅದನ್ನು ಮರೆತರೆ ನಿಮ್ಮ ಗ್ರಾಹಕರ ಮೇಲ್‌ಗಳನ್ನು ಎದುರಿನ ಸರ್ವರ್‌ಗಳು ವಾಪಸ್ ಕಳಿಸತೊಡಗುತ್ತವೆ.